ಕುಂಚಿಗೆಯಲ್ಲಿ ಹದಿನೇಳನೇ ನಂಬರು

ಕಮಲಾಪುರ
14 ನವೆಂಬರ್ 2003

ಪ್ರೀತಿಯ ಜಾಹೇದಾ,

ಮಗಳು ಹುಟ್ಟಿ ಇವತ್ತಿಗೆ ಹನ್ನೆರಡು ದಿನ. ತೂಕ 2.8 ಕಿಲೋ. ಕೂಸಿನ ಅಪ್ಪ, ನಮ್ಮ ಮಾಸ್ತರರು, ಲ್ಯಾಬಿಗೆ ಬಂದು ನಿನಗೆ "ಮೂರು ಕಿಲೋ" ಎಂದು ಹೇಳಿದರಂತೆ. ಶಾಲೆಯಲ್ಲಿ ಅವರು ಕಲಿಸುವುದು ಇತಿಹಾಸ, ಇನ್ನೂರು ಗ್ರಾಂ ಅವರಿಗೆ ಲೆಕ್ಕಕ್ಕಿಲ್ಲ. ನನಗೆ ಇದೆ.

ತವರಿನಲ್ಲಿ ನಾನಿರುವ ಕೋಣೆಯನ್ನು ನೀನು ನೋಡಬೇಕು. ಕಿಟಕಿಗೊಂದು ಕೌದಿ, ಬಾಗಿಲಿಗೊಂದು ಕೌದಿ. ಕಿವಿಗೆ ಹತ್ತಿ, ತಲೆಗೆ ಶಾಲು, ಹೊರಸಿನ ಕೆಳಗೆ ಓಮದ ಹೊಗೆ. ಮಟಮಟ ಮಧ್ಯಾಹ್ನದಲ್ಲೂ ನನ್ನ ಕೈ ನನಗೆ ಕಾಣುವುದಿಲ್ಲ. ನಮ್ಮ ಡಾರ್ಕ್ ರೂಮಿನ ಬಾಗಿಲ ಸಂದಿಯಿಂದ ಬೆಳಕು ಬರುತ್ತದೆಂದು ಮೂರು ಅರ್ಜಿ ಕೊಟ್ಟೆವಲ್ಲ? ನಮ್ಮ ಅವ್ವನನ್ನೇ, ಈ ಸಾಬಮ್ಮನನ್ನೇ ಕರೆಸಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಕೌದಿಯ ಮೂಲೆ ಎತ್ತಿ, ಅಲ್ಲಿ ಬೀಳುವ ಗೇಣಗಲ ಬಿಸಿಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಿದ್ದೆ ಇಲ್ಲ. ಕೂಸು ಅತ್ತರೆ ಯಾಕೆ ಅತ್ತಿತೆಂದು ಎಚ್ಚರ, ಸುಮ್ಮನಿದ್ದರೆ ಯಾಕೆ ಸುಮ್ಮನಿದೆಯೆಂದು ಎಚ್ಚರ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಷ್ಟು ಹೊತ್ತಿಗೆ ಹಾಲು, ಎಷ್ಟು ಸಲ ಒದ್ದೆ, ನಿಮಿಷಕ್ಕೆ ಎಷ್ಟು ಉಸಿರು. ನಿನ್ನೆ ನಲವತ್ತೆರಡು ಇದ್ದದ್ದು ಇವತ್ತು ನಲವತ್ತಾರು. ಅವ್ವ ನೋಡಿದಳು. "ಯವ್ವಾ, ಅದು ಕೂಸದ, ಪರೀಕ್ಷಾ ಅಲ್ಲ. ಉಸಿರು ಎಣಿಸಿದ್ರ ಆಯುಷ್ಯ ಕಮ್ಮಿ ಆಗ್ತದಂತ" ಅಂದಳು. ಅದನ್ನು ಕೇಳಿದ ಮೇಲೆ ಇದ್ದ ಚೂರು ನಿದ್ದೆಯೂ ಹೋಯಿತು.

ಈಗ ಮುಖ್ಯ ಮಾತು. ಹದಿನೇಳನೇ ನಂಬರು ನನ್ನ ಹತ್ತಿರ ಇದೆ. ಬೈಯಬೇಡ. ಹದಿನಾರು ಸಲ ಕುಲುಮೆಯಿಂದ ಬರೀ ಬೂದಿ ತೆಗೆದ ಮೇಲೆ ಸಿಕ್ಕಿದ್ದು ಅದೊಂದೇ. ಎರಡೂ ಬದಿ ನುಣುಪಾದ ಉಗುರಗಲ ಸಿಲಿಕಾನ್ ತುಣುಕು, ಅದರ ಒಂದು ಬದಿಗೆ ಸತುವಿನ ಆಕ್ಸೈಡಿನ ನ್ಯಾನೋತಂತಿಗಳು. ಕೂದಲೆಳೆಯ ಸಾವಿರದಲ್ಲಿ ಒಂದು ಪಾಲು ದಪ್ಪ ಇಲ್ಲ, ಆದರೂ ಹೊಲದಲ್ಲಿ ಜೋಳ ನಿಂತಂತೆ ನಿಂತಿವೆ. ಬರಿಗಣ್ಣಿಗೆ ಕನ್ನಡಿಯ ಮೇಲೆ ಬಾಯುಸಿರು ಬಿಟ್ಟಂತೆ ಒಂದು ಮಂಜು, ಅಷ್ಟೆ. ನೇರಳಾತೀತ ದೀಪ ಹಿಡಿದಾಗ ಆ ಮಂಜು ಬೆಳಗಿತಲ್ಲ! ನಾನು ಎಂಟು ತಿಂಗಳ ಹೊಟ್ಟೆ ಹೊತ್ತು ಕುಣಿದೆನಲ್ಲ! ಗೈಡ್ ಸರ್ ಬಂದು ನೋಡುವಷ್ಟರಲ್ಲಿ ಆ ದೀಪವೇ ಸುಟ್ಟುಹೋಯಿತಲ್ಲ!

ಲ್ಯಾಬಿನಲ್ಲಿ ಬಿಟ್ಟರೆ, ಒಂಬತ್ತನೇ ನಂಬರನ್ನು ಯಾರೋ ಪಾತ್ರೆಯಂತೆ ಉಜ್ಜಿ ತೊಳೆದಿಟ್ಟ ಹಾಗೆ ಇದನ್ನೂ ತೊಳೆದಾರೆಂದು ಹೆದರಿ, ಖಾಲಿ ಕುಂಕುಮದ ಡಬ್ಬಿಯಲ್ಲಿ ಹತ್ತಿ ಹಾಸಿ ತಂದೆ. ಟ್ರಂಕಿನಲ್ಲಿ ಭದ್ರವಾಗಿದೆ. ಜನವರಿ ಆರಕ್ಕೆ ಹೈದರಾಬಾದಿನ ಬೆಳಕು ಅಳೆಯುವ ಯಂತ್ರದಲ್ಲಿ ನಮ್ಮ ಸರದಿ. ನಾನೇ ಒಯ್ಯುತ್ತೇನೆ. ಸರ್‌ಗೆ ಹೇಳಬೇಡ.

ನಿನ್ನ
ಭಾಗಮ್ಮ

ತಾ.ಕ.: ನಲವತ್ತಾರು ಹೆಚ್ಚಾಯಿತೆ? ನಿಮ್ಮ ಅಮ್ಮಿಯನ್ನು ಕೇಳಿ ಬರೆ.


ಕಲಬುರಗಿ
19 ನವೆಂಬರ್ 2003

ಭಾಗೂ,

ಅಮ್ಮಿಯ ಉತ್ತರ ಮೊದಲು. "ಎಣಿಸೋದು ಬಿಡು ಅಂತ ಹೇಳು. ನಾ ಐದು ಹೆತ್ತೀನಿ, ಒಂದರದ್ದೂ ಎಣಿಸಿಲ್ಲ. ಐದೂ ಉಸಿರಾಡಾಕತ್ತಾವ, ಮ್ಯಾಲ ನನ್ನ ತಲಿ ತಿನ್ನಾಕತ್ತಾವ."

ಇಲ್ಲಿ ಸಂಗತಿ ಸರಿಯಿಲ್ಲ. ಮೊನ್ನೆ ನರಸಿಂಹ ಸರ್ ಬಂದು "ಹದಿನೇಳು ಎಲ್ಲದ?" ಅಂದರು. ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿದೆ ಅಂದೆ. "ತೋರ್ಸು" ಅಂದರು. "ಮುಚ್ಚಳ ತೆಗೆದ್ರ ತೇವ ಹಿಡಿತದ್ರಿ ಸರ" ಅಂದೆ. ಖಾಲಿ ಪೆಟ್ಟಿಗೆಯ ಮುಂದೆ ಇಬ್ಬರೂ ಎರಡು ನಿಮಿಷ ಭಯಭಕ್ತಿಯಿಂದ ನಿಂತಿದ್ದೆವು. ನನ್ನ ಪಾಪ ನಿನ್ನ ತಲೆಗೆ.

ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಸಿಟ್ಟಾಗಬೇಡ. "ಕೂಸಾದ ಮ್ಯಾಗ ಹೊಳ್ಳಿ ಬಂದವ್ರನ್ನ ನಾ ನೋಡಿಲ್ಲ, ಜಾಹೇದಾ. ಮೂರು ಮಂದಿ ಹುಡುಗ್ಯಾರು 'ಬರ್ತೀವ್ರಿ ಸರ' ಅಂತ ಹೋದ್ರು. ಕೇಳಿದ್ರ ಇನ್ನಾ ಬರಾಕತ್ತಾರ. ತಪ್ಪು ಅನ್ನಲ್ಲ ನಾ. ಆದ್ರ ಕೆಲಸ ನಿಲ್ಲಬಾರದು." ಆರನೇ ತಾರೀಖು ಹೈದರಾಬಾದಿನ ಮೇಜಿನ ಮೇಲೆ ಹದಿನೇಳು ಇರದಿದ್ದರೆ ನಿನ್ನ ವಿಷಯ, ನಿನ್ನ ಅಧ್ಯಾಯ, ನಿನ್ನ ಕುಲುಮೆ ಎಲ್ಲ ಹೊಸ ವಿದ್ಯಾರ್ಥಿ ರಾಘವೇಂದ್ರನಿಗೆ.

ರಾಘವೇಂದ್ರ ಕೆಟ್ಟವನಲ್ಲ. ಹದಿನೆಂಟರಿಂದ ಇಪ್ಪತ್ನಾಲ್ಕನೇ ನಂಬರಿನವರೆಗೆ ಬೆಳೆಸಿದ್ದಾನೆ, ಎಲ್ಲ ಬೂದಿ. "ಭಾಗಮ್ಮ ಮೇಡಮ್ಮರು ಹೆಂಗ ಮಾಡ್ತಿದ್ರು?" ಎಂದು ದಿನಾ ಕೇಳುತ್ತಾನೆ. "ಬೈಕೋತ ಮಾಡ್ತಿದ್ಳು" ಎಂದು ಹೇಳಿದ್ದೇನೆ. ಈಗ ಅವನೂ ಬೈಯುತ್ತಿದ್ದಾನೆ, ಫಲ ಇಲ್ಲ.

ಭಾನುವಾರ ನಿಮ್ಮ ಮಾಸ್ತರರು ಭೀಮಶಾ ಭಾಯಿ ಬಂದಾಗ ಡಬ್ಬಿಯನ್ನು ಅವರ ಕೈಗೆ ಕೊಟ್ಟು ಕಳಿಸು. ಫೋನ್ ಮಾತ್ರ ಮಾಡಿಸಬೇಡ, ಫೋನು ಸರ್ ಮೇಜಿನ ಮೇಲಿದೆ.

ಸುಳ್ಳುಗಾತಿ
ಜಾಹೇದಾ


ಕಮಲಾಪುರ
25 ನವೆಂಬರ್ 2003

ಜಾಹೇದಾ,

ಕುಂಕುಮದ ಡಬ್ಬಿಯಲ್ಲಿ ಕುಂಕುಮ ಇದೆ.

ನೀನು ಇನ್ನೊಮ್ಮೆ ಓದುವ ಅಗತ್ಯವಿಲ್ಲ, ನಾನು ಹತ್ತು ಸಲ ತೆಗೆದು ನೋಡಿದ್ದೇನೆ. ಅವ್ವನನ್ನು ಕರೆದೆ.

"ಅವ್ವಾ, ಈ ಡಬ್ಬ್ಯಾಗ ಇದ್ದದ್ದು ಏನ್ ಮಾಡ್ದಿ?"

"ಹತ್ತಿ ಇತ್ತು. ಬತ್ತಿ ಹೊಸದೆ."

"ಹತ್ತಿ ಒಳಗ?"

"ಒಂದು ಕನ್ನಡಿ ಚೂರಿತ್ತು."

"ಎಲ್ಲದ ಅದು?"

"ಎಲ್ಲದ ಅಂದ್ರ? ಕೂಸಿನ ತಲಿಮ್ಯಾಗ ಅದ."

ಇತ್ತು. ನನ್ನ ಮಗಳು ಅದನ್ನು ತಲೆಯ ಮೇಲೆ ಹೊತ್ತು ನನ್ನ ಪಕ್ಕದಲ್ಲೇ ಆರು ದಿನದಿಂದ ಮಲಗಿದ್ದಳು. ಅವ್ವ ಮತ್ತು ಪಕ್ಕದ ಮನೆಯ ಶಂಕ್ರಮ್ಮ ಸೇರಿ ಕೆಂಪು ಕುಂಚಿಗೆ ಹೊಲಿದಿದ್ದಾರೆ. ತಲೆ, ಕಿವಿ, ಬೆನ್ನು ಎಲ್ಲ ಮುಚ್ಚುವಂಥದ್ದು, ಬಿಳಿ ನೂಲಿನ ಕಸೂತಿ, ಅಂಚಿನಲ್ಲಿ ಕನ್ನಡಿ. ಕೆಟ್ಟ ಕಣ್ಣು ಬಿದ್ದರೆ ಕನ್ನಡಿಗೆ ಬಡಿದು ಹೊಳ್ಳಿ ಹೋಗಬೇಕಂತೆ. ಅದಕ್ಕೆ ಹನ್ನೊಂದು ಕನ್ನಡಿ ಬೇಕು. ಶಂಕ್ರಮ್ಮನ ಹಳೆಯ ಕುಪ್ಪಸದಲ್ಲಿ ಎಂಟು ಸಿಕ್ಕವು. ಉಳಿದ ಮೂರಕ್ಕೆ ಹದಿನೇಳನೇ ನಂಬರನ್ನು ಮೂರು ಹೋಳು ಮಾಡಿದರು. ನೋಡಿದರೆ ಗುರುತು ಸಿಗುತ್ತದೆ, ಮೂರಕ್ಕೆ ಮಾತ್ರ ಸ್ವಲ್ಪ ನೀಲಿ ಬಣ್ಣ.

ಹೋಗಲಿ, ಹೋಳಾದರೂ ತಂತಿ ಇರುತ್ತವೆ ಅಂದುಕೊಂಡೆ. ಆಗ ಅವ್ವ, "ಭಾಳ ಮಸುಕಾಗಿತ್ತು ನಿನ್ನ ಕನ್ನಡಿ. ಸೆರಗಿಲೆ ಚಲೋ ತಿಕ್ಕಿ ಒರಸೀನಿ. ಈಗ ನೋಡು ಹೆಂಗ ಹೊಳಿತದ" ಅಂದಳು.

ಒಂಬತ್ತು ನೂರು ಡಿಗ್ರಿಯಲ್ಲಿ ಬೆಳೆದ ಬೆಳೆ. ಸೆರಗಿನಿಂದ ಕೊಯ್ಲಾಯಿತು.

ಬಿಚ್ಚಿ ನೋಡಬಾರದೇ ಎಂದು ಕೇಳುತ್ತೀಯ. ಅವ್ವ ಬಿಡುವುದಿಲ್ಲ, ನಲವತ್ತು ದಿನದೊಳಗೆ ಹೊಲಿಗೆ ಬಿಚ್ಚಬಾರದಂತೆ. ಇನ್ನೊಂದು ಕಾರಣ ನಿನಗೊಬ್ಬಳಿಗೇ ಹೇಳುತ್ತೇನೆ. ಈ ಕುಂಚಿಗೆ ಹಾಕಿದ ದಿನದಿಂದ ಕೂಸು ಮಲಗುತ್ತದೆ, ತೆಗೆದರೆ ಕಿರುಚುತ್ತದೆ. ಮೊನ್ನೆ ಮಧ್ಯಾಹ್ನ ನಾನು ಮೂರು ತಾಸು ಮಲಗಿದೆ, ಜಾಹೇದಾ. ಮೂರು ತಾಸು! ಎದ್ದಾಗ ನನ್ನ ಹೆಸರು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಕಡೆ ಪಿಎಚ್‌ಡಿ, ಒಂದು ಕಡೆ ಮೂರು ತಾಸು ನಿದ್ದೆ. ಯಾವುದನ್ನು ಆರಿಸಿಕೊಳ್ಳುತ್ತೇನೆಂದು ನನ್ನನ್ನು ಈಗ ಕೇಳಬೇಡ.

ಮತ್ತೆ, ನೋಡದಿದ್ದರೆ ಒಂದಾದರೂ ಉಳಿದಿರಬಹುದು. ನೋಡಿದರೆ ಮುಗಿಯಿತು.

ನಮ್ಮ ಮಾಸ್ತರರಿಗೆ ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿ, "ಛಂದ ಕಾಣ್ತದ ಕುಂಚಿಗಿ" ಎಂದು ಮಲಗಿದರು.

ದಿಕ್ಕು ತೋಚದ
ಭಾಗಮ್ಮ


ಕಲಬುರಗಿ
4 ಡಿಸೆಂಬರ್ 2003

ಭಾಗೂ,

ಓದಿ ನಕ್ಕೆ. ನಕ್ಕ ಮೇಲೆ ಅಳು ಬಂತು. ಅತ್ತ ಮೇಲೆ ಕ್ಯಾಂಟೀನಿಗೆ ಹೋಗಿ ಎರಡು ಮಿರ್ಚಿ ಭಜಿ ತಿಂದೆ. ಆಗ ಬುದ್ಧಿ ಬಂತು.

ನಮ್ಮ ಅಬ್ಬಾ ನಬಿಸಾಬ್ ನೆಹರು ಗಂಜಿನ ತೊಗರಿ ಅಂಗಡಿಯಲ್ಲಿದ್ದಾರಲ್ಲ, ಅಲ್ಲಿ ಖೋಟಾ ನೋಟು ಹಿಡಿಯುವ ನೇರಳೆ ದೀಪ ಇದೆ. ಸುಟ್ಟುಹೋದ ನಮ್ಮ ದೀಪದ ಬೆಳಕೂ ಇದರ ಬೆಳಕೂ ಹೆಚ್ಚುಕಡಿಮೆ ಅಕ್ಕತಂಗಿಯರು. ಅಬ್ಬಾನನ್ನು ಕಾಡಿ ಬೇಡಿ ಒಂದು ಭಾನುವಾರಕ್ಕೆ ಕೇಳಿದ್ದೇನೆ. "ತೊಗರ್ಯಾಗ ನೋಟು ಬೆಳಿಯಾಕತ್ತಾವೇನ ನಿಮ್ಮ ಲ್ಯಾಬಿನ್ಯಾಗ?" ಎಂದು ಗೊಣಗಿ ತಂದುಕೊಟ್ಟರು. ನಿನ್ನ ಕೋಣೆಗಿಂತ ಕತ್ತಲೆಯ ಜಾಗ ಈ ಜಿಲ್ಲೆಯಲ್ಲಿಲ್ಲ. ಹಚ್ಚಿ ನೋಡು. ಕೂಸಿನ ತಲೆಯಿಂದ ಕುಂಚಿಗೆ ತೆಗೆದು, ಕೂಸನ್ನು ಆಚೆ ಕಳಿಸಿ ಹಚ್ಚು. ಇದನ್ನು ನಿನಗೆ ಹೇಳಬೇಕಿಲ್ಲ, ನೀನು ಕೂಸನ್ನು ಬೀದರಿಗೇ ಕಳಿಸುತ್ತೀಯ.

ಇನ್ನೊಂದು. ಈ ಭಾನುವಾರ ಏಳನೇ ತಾರೀಖು ಸರ್ ಕೂಸು ನೋಡಲು ಬರುತ್ತಿದ್ದಾರೆ. ನಾನು ತಡೆಯಲಿಲ್ಲ, ಹೇಗೆ ತಡೆಯಲಿ? ಅವರ ಕೈಯಲ್ಲೇ ದೀಪ ಕಳಿಸುತ್ತಿದ್ದೇನೆ. ಸ್ಟೀಲಿನ ಡಬ್ಬಿಯ ತಳದಲ್ಲಿ ದೀಪ, ಮೇಲೆ ಅಮ್ಮಿ ಮಾಡಿದ ಅಂಟಿನ ಉಂಡೆ. ಬಾಣಂತಿಗೆ ಉಂಡೆ ಎಂದು ಹೇಳಿದ್ದೇನೆ.

ಸರ್ ಎದುರಿಗೆ ಡಬ್ಬಿ ತೆಗೆಯಬೇಡ. ಇದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ, ನೋಡಿದೆಯಾ?

ನಿನ್ನ
ಜಾಹೇದಾ


ಕಮಲಾಪುರ
9 ಡಿಸೆಂಬರ್ 2003

ಜಾಹೇದಾ,

ಸರ್ ಬಂದು ಹೋದದ್ದು ಏಳಕ್ಕೆ. ಎರಡು ಗೆರೆ ಎಳೆದ ನಿನ್ನ ಪತ್ರ ಬಂದದ್ದು ಇವತ್ತು.

ಮೊದಲಿಂದ ಹೇಳುತ್ತೇನೆ. ಹನ್ನೊಂದು ಗಂಟೆಗೆ ಬಾಗಿಲಲ್ಲಿ ಸರ್. ಒಂದು ಕೈಯಲ್ಲಿ ಫ್ರಾಕು, ಇನ್ನೊಂದರಲ್ಲಿ ನಿನ್ನ ಡಬ್ಬಿ. ಒಳಗೆ ಕಾಲಿಡುವಷ್ಟರಲ್ಲಿ ಅವ್ವ, "ನಿಂದರ್ರಿ ಸಾಹೇಬ್ರ! ಕಾಲ ತೊಳಕೋರಿ. ಬಸ್ಸಿನ್ಯಾಗ ಬಂದೀರಿ, ಗಾಳಿ ಸೋಂಕು ಇರ್ತದ" ಅಂದಳು. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು ಪ್ಯಾಂಟು ಮಡಚಿ ಕಾಲು ತೊಳೆದರು. "ಕೈ ಬೆಂಕಿಗಿ ಕಾಸ್ಕೋರಿ" ಅಂದಳು, ಕಾಸಿಕೊಂಡರು. ಆಮೇಲೆ ಎರಡು ಕೆಂಬಾಳೆಹಣ್ಣು ಕೊಟ್ಟು ಕೂಡಿಸಿದಳು. ಅವರು ಸಿಪ್ಪೆ ಹಿಡಿದುಕೊಂಡೇ, "ಭಾಗಮ್ಮ, ಆ ಹದಿನೇಳು..." ಎಂದು ಶುರುಮಾಡಿದರು. ನಾನು "ಜಾಹೇದಾ ಹತ್ರ..." ಎನ್ನುತ್ತಿದ್ದೆ.

ಅಷ್ಟರಲ್ಲಿ ಅವ್ವ, "ತಂದವ್ರು ನೀವೂ ಒಂದ್ ತಿನ್ರಿ" ಎಂದು ಡಬ್ಬಿ ತೆರೆದಳು. ಎರಡು ಉಂಡೆ ಎತ್ತಿದಳು. ಮೂರನೆಯದರ ಜೊತೆ ವಾಯರು ಬಂತು.

"ಇದೇನ ಯವ್ವಾ, ಉಂಡಿಗಿ ಕರೆಂಟ್ ಹಚ್ಯಾರ?"

ಸರ್ ದೀಪ ನೋಡಿದರು. ನನ್ನನ್ನು ನೋಡಿದರು. ಅರ್ಧ ಅವರಿಗೆ ಅಲ್ಲೇ ತಿಳಿಯಿತೆಂದು ಕಾಣುತ್ತದೆ. "ಭಾಗಮ್ಮ, ಹದಿನೇಳು ಎಲ್ಲದ?"

ಅವ್ವ ಹೆಮ್ಮೆಯಿಂದ, "ಡಬ್ಬ್ಯಾಗಿನ ಆ ಕನ್ನಡೀದೇ ಮಾತ ಇರ್ಬೇಕು. ಇಲ್ಲೇ ಅದಲ್ರಿ, ನಮ್ಮ ಕೂಸಿನ ತಲಿಮ್ಯಾಗ!" ಅಂದಳು.

ಎಲ್ಲ ಹೇಳಿದೆ. ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಿಪ್ಪೆ ಕೆಳಗಿಟ್ಟು ಕೇಳಿದರು.

"ಒರಸ್ಯಾರಾ?"

"ಒರಸ್ಯಾರ್ರಿ ಸರ."

"ಸೆರಗು ಕಾಟನ್ನಾ, ಸಿಲ್ಕಾ?"

"ಕಾಟನ್ ರೀ ಸರ."

ಕಣ್ಣು ಮುಚ್ಚಿಕೊಂಡರು. ಆಮೇಲೆ ಎದ್ದು, "ಇರ್ಲಿ, ದೀಪ ಬಂದದ, ನೋಡಿಬಿಡೋಣು" ಅಂದರು. ಅವ್ವ ಅಡ್ಡ ಬರುವಳೆಂದಿದ್ದೆ. ಅಷ್ಟು ದೊಡ್ಡವರು ಕಾಲು ತೊಳೆದು ಬಂದಿದ್ದಾರೆಂದು ಸುಮ್ಮನಾದಳು. ಕುಂಚಿಗೆ ತೆಗೆದೆವು. ಕೂಸು ಕಿರುಚಿತು. ಶಂಕ್ರಮ್ಮ ಎತ್ತಿಕೊಂಡು ಕೌದಿಯ ಆಚೆ ನಿಂತಳು. ದೀಪ ಹಚ್ಚಿದೆವು.

ಮೊದಲು ಹೊಳೆದದ್ದು ಸರ್ ಅಂಗಿ. ಕತ್ತಲೆಯಲ್ಲಿ ಸರ್ ಇಲ್ಲ, ಅಂಗಿ ಮಾತ್ರ ನೀಲಿಬಿಳುಪಾಗಿ ನಿಂತಿದೆ. ಅವ್ವ "ಯಪ್ಪೋ!" ಎಂದು ಗೋಡೆಗೆ ಆತುಕೊಂಡಳು. ಅಂಗಿ, "ಹೆದರಬ್ಯಾಡ್ರಿ ಬಾಯಿ, ಸೋಪಿನ ಪುಡೀದು ಇದು" ಅಂದಿತು. ಹೇಳುವಾಗ ಹಲ್ಲೂ ಹೊಳೆದವು, ಹೀಗಾಗಿ ಸಮಾಧಾನ ಆಗಲಿಲ್ಲ. ಎರಡನೆಯದು ಕುಂಚಿಗೆಯ ಬಿಳಿ ನೂಲು. ಮೂರನೆಯದು ಮೂಲೆಯಲ್ಲಿದ್ದ ಕೂಸಿನ ಒದ್ದೆ ಬಟ್ಟೆ. ಮನೆಯಲ್ಲಿ ಎಲ್ಲವೂ ಬೆಳಗಿತು. ಹದಿನೇಳು ಮಾತ್ರ ಬೆಳಗಲಿಲ್ಲ. ಒಂದು ಹೋಳು ಕಪ್ಪು. ಎರಡನೆಯದೂ ಕಪ್ಪು. ಮೂರನೆಯದೂ.

ಹೊರಸಿನ ಮೇಲೆ ಕುಳಿತುಬಿಟ್ಟೆ. ಅವ್ವನಿಗೆ ಅಷ್ಟು ಹೊತ್ತಿಗೆ ಏನೋ ತಿಳಿದಿತ್ತು, ತನ್ನ ಸೆರಗನ್ನು ತಾನೇ ಮುದ್ದೆ ಮಾಡಿ ಹಿಡಿದುಕೊಂಡಿದ್ದಳು.

ಆಗ ಕೌದಿಯ ಆಚೆಯಿಂದ ಶಂಕ್ರಮ್ಮ, "ಒರಸಿದ್ದಕ್ಕೇನ ಇಷ್ಟೆಲ್ಲಾ? ಎಲ್ಲಾ ಎಲ್ಲಿ ಒರಸೀವಿ! ನಿಮ್ಮವ್ವ ಎರಡು ಒರಸಿದ್ಳು. ಮೂರನೇದ್ದು ನನ್ನ ಪಾಲಿಗಿ ಬಂದಿತ್ತು. ನನಗ ಒರಸಾಕ ಬ್ಯಾಸರ. ಉಲ್ಟಾ ಮಾಡಿದ್ರ ಹಿಂದಿನ ಕಡಿ ಫಳಫಳ ಇತ್ತು, ಹಂಗೇ ಉಲ್ಟಾ ಹೊಲಿದೀನಿ" ಅಂದಳು.

ಸರ್ ಜಿಗಿದರು, ಜಾಹೇದಾ. ನಾನು ಅವರು ಜಿಗಿದದ್ದನ್ನು ಎಂದೂ ನೋಡಿರಲಿಲ್ಲ. ಬ್ಲೇಡು ತೆಗೆದುಕೊಂಡು ಮೂರನೇ ಹೋಳಿನ ಹೊಲಿಗೆಯನ್ನು ಒಂದೊಂದೇ ಕೊಯ್ದು, ಉಗುರಿನಿಂದ ಅಂಚು ಹಿಡಿದು ಮಗುಚಿದರು.

ಹಸಿರು. ಮಳೆಗೆ ಎದ್ದ ಜೋಳದ ಮೊಳಕೆಯ ಹಸಿರು. ಬಟ್ಟೆಗೆ ತಿಕ್ಕಿ ಅಲ್ಲಲ್ಲಿ ಸವೆದಿದೆ, ಆದರೆ ನಡುವೆ ದಟ್ಟವಾಗಿದೆ. ಆಚೆ ಅಳುತ್ತಿದ್ದ ಕೂಸು ಸುಮ್ಮನಾಗಿ ನನಗೆ ಗಾಬರಿಯಾಯಿತು.

"ಹಸಿರು ಅದ" ಅಂದರು ಸರ್. "ಅಂದ್ರ ಒಳಗ ದೋಷ ಅದ."

"ದೋಷ?" ಅವ್ವ ಗೋಡೆ ಬಿಟ್ಟು ಬಂದಳು. "ಯಾರಿಗ್ರಿ ದೋಷ? ಕೂಸಿಗಾ?"

"ಕೂಸಿಗಲ್ರಿ, ಇದಕ್ಕ. ತಂತಿ ಕಟ್ಟೂವಾಗ ಅಲ್ಲಲ್ಲಿ ಆಕ್ಸಿಜನ್ ಕಡಿಮಿ ಬಿದ್ದದ. ಆ ಖಾಲಿ ಜಾಗದಾಗಿಂದ ಈ ಹಸಿರು ಬರ್ತದ ಅಂತಾರ. ದೋಷ ಇಲ್ಲದ್ದೂ ಬೆಳಕು ಕೊಡ್ತದ ಖರೆ, ಆದ್ರ ಅದು ಕಣ್ಣಿಗಿ ಕಾಣಲ್ಲ. ಅದಕ್ಕ ದೊಡ್ಡ ಯಂತ್ರ ಬೇಕು."

ಅವ್ವ ಹಸಿರನ್ನು ಬಗ್ಗಿ ನೋಡಿದಳು. "ಕಾಣಲಾರದ್ದು ತಗೊಂಡು ಏನ್ ಮಾಡ್ತೀರಿ? ಇದೇ ಚಲೋ ಅದ."

ಸರ್ ನಕ್ಕರು. ಆಮೇಲೆ ನನ್ನ ನೋಟ್‌ಬುಕ್ ಅವರ ಕಣ್ಣಿಗೆ ಬಿತ್ತು. ಹಾಲು, ಒದ್ದೆ, ಉಸಿರು, ಮೂವತ್ತೈದು ದಿನದ್ದು. ಒಂದೊಂದು ಪುಟ ಓದಿದರು. ನಾಚಿಕೆಯಿಂದ ನಾನು ಹೊಗೆಯಾಗಿ ಹೋಗುತ್ತಿದ್ದೆ. "ಲ್ಯಾಬಿನ್ಯಾಗ ಇಷ್ಟು ಛಂದ ರೀಡಿಂಗ್ ಯಾಕ ಬರೀಲಿಲ್ಲ?" ಎಂದು ಕೇಳಿ, ಪೆನ್ನು ತೆಗೆದು ಹಾಲಿನ ಕಾಲಂ ಮೇಲೆ ಬರೆದರು: "ಏಕಮಾನ ಎಲ್ಲಿ? ನಿಮಿಷವೋ, ಮಿಲಿಲೀಟರೋ?"

ಹೋಗುವಾಗ ಹೋಳನ್ನು ಕೊಡಲು ಹೋದೆ. "ಇಲ್ಲೇ ಇರ್ಲಿ. ಕಾಲ ತೊಳಿಲಾರದೆ ಯಾರೂ ಒಳಗ ಬರಲ್ಲ. ಲ್ಯಾಬಿಗಿಂತ ಭದ್ರ ಅದ" ಅಂದರು. ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಮುಖ ನೋಡದೆ, "ಆರನೇ ತಾರೀಖಿಗಿ ನೀನೇ ಬರ್ತಿ ಏನು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಬರ್ತಾಳ್ರಿ. ನಾನೂ ಬರ್ತೀನಿ, ಕೂಸೂ ಬರ್ತದ. ಆದ್ರ ಕುಂಚಿಗಿ ಬಿಚ್ಚೀರಿ, ಹನ್ನೊಂದಿದ್ದದ್ದು ಹತ್ತಾಯ್ತು. ನಮ್ಮ ಕೂಸಿಗಿ ಒಂದು ತುಂಡು ಕಳಿಸ್ರಿ" ಅಂದಳು.

ದೀಪವನ್ನು ಸರ್ ಕೈಯಲ್ಲೇ ವಾಪಸ್ ಕಳಿಸಿದ್ದೇನೆ. ಉಂಡೆ ಬಹಳ ಚೆನ್ನಾಗಿದ್ದವು ಎಂದು ಅಮ್ಮಿಗೆ ಹೇಳು.

ಇವತ್ತಿಗೆ ಉಸಿರಾಡುತ್ತಿರುವ
ಭಾಗಮ್ಮ


ಕಲಬುರಗಿ
16 ಡಿಸೆಂಬರ್ 2003

ಭಾಗೂ,

ಪೊಟ್ಟಣದಲ್ಲಿ ರಾಘವೇಂದ್ರನ ಇಪ್ಪತ್ತೊಂದನೇ ನಂಬರು ಇದೆ. ಬೂದಿ ತೊಳೆದು, ಕೂಸಿಗೆ ಚುಚ್ಚದಂತೆ ಅಂಚು ಉಜ್ಜಿದ್ದೇನೆ. ಯಾಕೆ ಬೇಕು ಎಂದು ಅವನು ಕೇಳಿದ. ಕೂಸಿನ ಕುಂಚಿಗೆಗೆ ಅಂದೆ. "ಹೋಗ್ಲಿ ಬಿಡ್ರಿ, ನಂದೂ ಒಂದು ಕೆಲಸಕ್ಕ ಬಂತು" ಎಂದು ತಾನೇ ಕಾಗದದಲ್ಲಿ ಸುತ್ತಿಕೊಟ್ಟ. ಸರ್ ಅವನಿಗೆ ಬೇರೆ ವಿಷಯ ಹುಡುಕುತ್ತಿದ್ದಾರೆಂದು ಕಾಣುತ್ತದೆ. ನನಗೆ ಯಾರೂ ಹೇಳಿಲ್ಲ. ಆದರೆ ನಿನ್ನ ಕುಲುಮೆಗೆ ಸರ್ ಬೀಗ ಹಾಕಿಸಿದರು, ಕೀಲಿಯನ್ನು ನನ್ನ ಕೈಗೆ ಕೊಟ್ಟು "ಆಕಿ ಬಂದಾಗ ಕೊಡು" ಅಂದರು.

ಗಂಜಿನ ಮಾಲಕರು ದೀಪ ಮೂಸಿ ನೋಡಿ, "ನಬಿಸಾಬ್, ಇದರಾಗ ತುಪ್ಪದ ವಾಸನಿ ಯಾಕ ಬರ್ತದ?" ಎಂದು ಕೇಳಿದರಂತೆ. "ಚಲೋ ರಿಪೇರಿ ಆಗ್ಯಾದ್ರಿ" ಎಂದು ಅಬ್ಬಾ ಹೇಳಿದರು. ಸುಳ್ಳು ನಮ್ಮ ಮನೆತನದ್ದು.

ಕೀಲಿ ಹಿಡಿದು ಕಾದಿರುವ
ಜಾಹೇದಾ


ಹೈದರಾಬಾದು
7 ಜನವರಿ 2004

ಪ್ರೀತಿಯ ಜಾಹೇದಾ,

ನಿನ್ನೆ ಅಳತೆ ಆಯಿತು. ಬಸ್ಸು ನಾಳೆ, ಆದರೆ ಅಲ್ಲಿಯವರೆಗೆ ತಡೆಯಲಾರೆ.

ಅವ್ವ ಸಂಸ್ಥೆಯ ವರಾಂಡದಲ್ಲಿ ಕೌದಿ ಹಾಸಿ ಕೂಸನ್ನು ಮಲಗಿಸಿಕೊಂಡು ಕುಳಿತಿದ್ದಳು. ಕೂಸಿನ ಗಲ್ಲ ಹಿಂಡಲು ಬಂದ ಇಬ್ಬರು ದೊಡ್ಡ ವಿಜ್ಞಾನಿಗಳನ್ನು ಕಾಲು ತೊಳೆಯಲು ನಲ್ಲಿಗೆ ಕಳಿಸಿದಳು. ಕೂಸು ರಾಘವೇಂದ್ರನ ಇಪ್ಪತ್ತೊಂದನ್ನು ತಲೆಯ ಮೇಲೆ ಹೊತ್ತು ಗಾಢ ನಿದ್ದೆ ಮಾಡಿತು. ಅದಕ್ಕೆ ಹದಿನೇಳಾದರೇನು, ಇಪ್ಪತ್ತೊಂದಾದರೇನು. ಇದನ್ನು ಅವನಿಗೆ ಹೇಳು, ಸಂತೋಷಪಡುತ್ತಾನೆ.

ಒಳಗೆ ಕಾಗದದ ಮೇಲೆ ಗೆರೆ ಏರತೊಡಗಿತು. ಮೊದಲು ಕಣ್ಣಿಗೆ ಕಾಣದ ಜಾಗದಲ್ಲಿ, 380 ನ್ಯಾನೋಮೀಟರಿನ ಹತ್ತಿರ, ಒಂದು ಚೂಪು ಗುಡ್ಡ. ದೋಷವಿಲ್ಲದ ಬೆಳಕು, ಸರ್ ಕಾಯುತ್ತಿದ್ದದ್ದು. ಆಮೇಲೆ 510ರಲ್ಲಿ ನಮ್ಮ ಹಸಿರು, ಅಗಲವಾಗಿ, ಉಂಡವರ ಹೊಟ್ಟೆಯ ಹಾಗೆ. ಎರಡೂ ಇದ್ದವು, ಜಾಹೇದಾ! ಸರ್ ಚಸ್ಮಾ ತೆಗೆದು ಒರಸಿಕೊಂಡರು, ಕಾಟನ್ ಕರವಸ್ತ್ರದಿಂದ.

ಎರಡರ ನಡುವೆ 440ರಲ್ಲಿ ಇನ್ನೊಂದು ಪುಟ್ಟ ಗುಡ್ಡ ಎದ್ದಿತ್ತು. ಯಂತ್ರ ನಡೆಸುವವರು ಹುಬ್ಬು ಗಂಟಿಕ್ಕಿ, ಇದು ನಿಮ್ಮ ತಂತಿಯದಲ್ಲ, ಏನೋ ಅಂಟಿದೆ ಅಂದರು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆವು. ಹೋಳಿನ ಅಂಚಿಗೆ ಬಿಳಿ ನೂಲಿನ ಒಂದು ಎಳೆ, ಸೋಪಿನ ಪುಡಿಯಲ್ಲಿ ಮಿಂದದ್ದು, ನೀಲಿಯಾಗಿ ಹೊಳೆಯುತ್ತಿತ್ತು. ಇಕ್ಕಳದಿಂದ ಕಿತ್ತರೆ ತಂತಿಗಳೂ ಬರುತ್ತವೆ. ಹಾಗೇ ಬಿಟ್ಟೆವು.

ರೀಡಿಂಗ್ ಪುಸ್ತಕದಲ್ಲಿ ನಾನು ಮೊದಲ ಗುಡ್ಡ ಬರೆದೆ, ಎರಡನೆಯದು ಬರೆದೆ. ಈ ಪುಟ್ಟದರ ಮುಂದೆ ಮರ್ಯಾದೆಗೆ ಹೆದರಿ "ಮೂಲ ತಿಳಿದಿಲ್ಲ" ಎಂದು ಬರೆದೆ. ಸರ್ ಹಿಂದೆ ನಿಂತು ನೋಡುತ್ತಿದ್ದರು. ಕೈಯಿಂದ ಪೆನ್ನು ತೆಗೆದುಕೊಂಡು ಆ ಎರಡು ಶಬ್ದ ಹೊಡೆದುಹಾಕಿದರು.

"ತಿಳಿದದಲ್ಲ? ತಿಳಿದದ್ದು ಬರಿ."

ಬರೆದೆ. "ಕುಂಚಿಗೆಯ ನೂಲು, ಕಮಲಾಪುರ."

ಸೋಮವಾರ ಬರುತ್ತೇನೆ. ಕೀಲಿ ತೆಗೆದಿಡು.

ನಿನ್ನ
ಭಾಗಮ್ಮ

ತಾ.ಕ.: ಈಗ ನೆನಪಾಯಿತು. ನಿನ್ನೆ ಇಡೀ ದಿನ ಉಸಿರು ಎಣಿಸಿಲ್ಲ.